ಓದಿನ ಹೊತ್ತಿಗೆ, ನಡುರಾತ್ರಿಗೆ ವಾದ್ಯಸಂಗೀತ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು, ಪಿಯುಸಿ ಮಕ್ಕಳ ತಂದೆತಾಯಿಗಳು, ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಹತ್ತದೆ ಕೂರುವವರು ವಾದ್ಯಸಂಗೀತದ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲ ಉತ್ತರಗಳ ಹಿಂದೆಯೂ ಇರುವ ನಿಲುವು ಒಂದೇ: ಓದಿಗೆ ಒದಗುವ ಸಂಗೀತ ಬೇರೆ, ಪುಸ್ತಕ ಮುಚ್ಚಿಟ್ಟು ಕೂತು ಕೇಳಬೇಕಾದ ಸಂಗೀತ ಬೇರೆ. ಎಷ್ಟೋ ಸಲ ಒಂದೇ ಧ್ವನಿಮುದ್ರಿಕೆಯ ಮೊದಲ ಭಾಗ ಓದಿಗೂ ಉಳಿದ ಭಾಗ ಕೇಳ್ಮೆಗೂ ಹೊಂದುತ್ತದೆ.

ಓದುವಾಗ ಸಂಗೀತ ಹಾಕಿಕೊಳ್ಳುವುದು ಸರಿಯೇ?

ಏನು ಓದುತ್ತಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. ಹೊಸ ವಿಷಯವನ್ನು ಮೊದಲ ಸಲ ಅರ್ಥ ಮಾಡಿಕೊಳ್ಳುವಾಗ, ಸಂವಿಧಾನದ ವಿಧಿಗಳನ್ನೋ ಇಸವಿಗಳನ್ನೋ ಕ್ರಮವಾಗಿ ಬಾಯಿಪಾಠ ಮಾಡುವಾಗ ಮೌನಕ್ಕಿಂತ ಒಳ್ಳೆಯ ಸಂಗೀತವಿಲ್ಲ. ಗೊತ್ತಿರುವ ಬಗೆಯ ಲೆಕ್ಕಗಳನ್ನು ಬಿಡಿಸುವಾಗ, ಟಿಪ್ಪಣಿಯನ್ನು ಶುದ್ಧಪ್ರತಿ ಮಾಡುವಾಗ, ನಕಾಶೆ ಬರೆಯುವಾಗ ಮೆಲ್ಲಗೆ ನುಡಿಯುವ ವಾದ್ಯವೊಂದು ಬೇಸರ ಕಳೆದು ನಿಮ್ಮನ್ನು ಕುರ್ಚಿಯ ಮೇಲೆ ಉಳಿಸುತ್ತದೆ.

ಆದರೆ ಮೌನ ಎಂಬುದು ಎಲ್ಲರ ಕೈಗೂ ಸಿಗುವ ವಸ್ತುವಲ್ಲ. ಜೇವರ್ಗಿ ರಸ್ತೆಯ ಕಡೆಗೋ ಸ್ಟೇಷನ್ ಬಜಾರಿನ ಸುತ್ತಮುತ್ತಲೋ ಮೂವರು ಹಂಚಿಕೊಂಡ ಕೋಣೆಯಲ್ಲಿ ಓದುವವರಿಗೆ ಪಕ್ಕದ ಕೋಣೆಯ ಟಿವಿ, ಮದುವೆ ಮೆರವಣಿಗೆಯ ಡಿಜೆ, ಗೆಳೆಯನ ಫೋನ್ ಮಾತು ಇವೆಲ್ಲ ಇದ್ದೇ ಇರುತ್ತವೆ. ಅಂಥ ಕಡೆ ಆಯ್ಕೆ ಇರುವುದು ಸಂಗೀತ ಮತ್ತು ಮೌನಗಳ ನಡುವೆ ಅಲ್ಲ, ನೀವೇ ಆರಿಸಿಕೊಂಡ ಒಂದು ಸದ್ದು ಮತ್ತು ಬೇರೆಯವರು ನಿಮ್ಮ ಮೇಲೆ ಹೇರಿದ ಹತ್ತು ಸದ್ದುಗಳ ನಡುವೆ. ಆಗ ಸಂಗೀತವೇ ಮೇಲು.

ಹಾಡು ಬೇಡ, ವಾದ್ಯವೇ ಇರಲಿ ಎನ್ನುವುದಕ್ಕೆ ಕಾರಣವೇನು?

ಓದುವುದೂ ಮಾತನ್ನು ಕೇಳುವುದೂ ಮನಸ್ಸಿನ ಒಂದೇ ಭಾಗದ ಕೆಲಸವನ್ನು ಬೇಡುತ್ತವೆ. ಹಿನ್ನೆಲೆಯಲ್ಲಿ ಮಾತು ಇದ್ದಾಗ ಕ್ರಮವಾಗಿ ನೆನಪಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ಹಲವು ದಶಕಗಳಿಂದ ಪ್ರಯೋಗಗಳಲ್ಲಿ ಕಂಡಿದ್ದಾರೆ. ಕೇಳುವವರಿಗೆ ಅರ್ಥವಾಗದ ಭಾಷೆಯ ಮಾತು ಕೂಡ ಈ ತೊಂದರೆ ಕೊಡುತ್ತದೆ ಎಂಬುದು ಗಮನಿಸಬೇಕಾದ ಅಂಶ. ಜೊತೆಗೆ, ಕ್ಷಣಕ್ಷಣಕ್ಕೂ ಬದಲಾಗುವ ಸದ್ದು ಹೆಚ್ಚು ಕೆಡಿಸುತ್ತದೆ, ಒಂದೇ ಸಮನೆ ಹರಿಯುವ ಸದ್ದು ಕಡಿಮೆ ಕೆಡಿಸುತ್ತದೆ. ಓದಿಗೆ ತಂಬೂರಿ ಏಕೆ ಒಗ್ಗುತ್ತದೆ, ಸುದ್ದಿವಾಹಿನಿ ಏಕೆ ಒಗ್ಗುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ.

ಆದ್ದರಿಂದ ಕಡಕೋಳ ಮಡಿವಾಳಪ್ಪನವರ ತತ್ವಪದ, ಶರಣರ ವಚನ ಗಾಯನ, ಬಂದೇನವಾಜರ ಉರುಸಿನ ಕವ್ವಾಲಿ ಇವುಗಳನ್ನು ಓದಿನ ಹಿನ್ನೆಲೆಗೆ ಹಾಕಬಾರದು. ಮಾತೇ ಅವುಗಳ ಜೀವ, ಆ ಮಾತಿಗೆ ಕಿವಿಗೊಡದೆ ಅವುಗಳನ್ನು ಕೇಳುವುದು ಅವುಗಳಿಗೂ ಅನ್ಯಾಯ. ಪ್ರಸಿದ್ಧ ಚಿತ್ರಗೀತೆಗಳನ್ನು ಕೊಳಲಿನಲ್ಲೋ ಕೀಬೋರ್ಡಿನಲ್ಲೋ ನುಡಿಸಿದ ಮುದ್ರಿಕೆಗಳೂ ಈ ಲೆಕ್ಕದಲ್ಲಿ ಹಾಡುಗಳೇ ಆಗುತ್ತವೆ. ವಾದ್ಯ ಎರಡು ಸ್ವರ ನುಡಿಸುವಷ್ಟರಲ್ಲಿ ನಿಮ್ಮ ಮನಸ್ಸು ಸಾಹಿತ್ಯವನ್ನು ಒಳಗೇ ಹಾಡತೊಡಗುತ್ತದೆ.

ಹಿಂದೂಸ್ತಾನಿ ವಾದ್ಯದ ಮುದ್ರಿಕೆಗಳು ಒಂದೊಂದೂ ಬಹಳ ದೀರ್ಘವಾಗಿವೆ. ಎಲ್ಲಿಂದ ಎಲ್ಲಿಯವರೆಗೆ ಕೇಳಬೇಕು?

ಸಿತಾರ್, ಸರೋದ್‌ಗಳ ಕಛೇರಿಯಲ್ಲಿ ಮೊದಲು ಬರುವುದು ಆಲಾಪ. ಅದರಲ್ಲಿ ತಾಳವಿಲ್ಲ, ತಬಲಾ ಇಲ್ಲ. ತಂಬೂರಿಯ ಶ್ರುತಿಯ ಮೇಲೆ ಕಲಾವಿದ ಷಡ್ಜದ, ಅಂದರೆ ಮೂಲಸ್ವರವಾದ ‘ಸ’ದ, ಸುತ್ತ ಓಡಾಡಿ, ಕೆಳಗಿನ ಸಪ್ತಕಕ್ಕಿಳಿದು, ಒಂದೊಂದೇ ಸ್ವರವನ್ನು ಪರಿಚಯಿಸುತ್ತಾ ಮೇಲೇರುತ್ತಾನೆ. ಆಮೇಲೆ ಜೋಡ್; ಇಲ್ಲಿ ತಬಲಾ ಇನ್ನೂ ಸೇರಿರುವುದಿಲ್ಲವಾದರೂ ಒಳಗೊಂದು ಲಯ ಮಿಡಿಯತೊಡಗುತ್ತದೆ. ಅದು ಬಿರುಸಾಗುತ್ತಾ ಝಾಲಾ ಆಗುತ್ತದೆ. ಅನಂತರ ವಿಲಂಬಿತ ಗತ್ತಿನೊಂದಿಗೆ, ಅಂದರೆ ತಾಳಕ್ಕೆ ಕೂರಿಸಿದ ನಿಧಾನಗತಿಯ ರಚನೆಯೊಂದಿಗೆ, ತಬಲಾ ಪ್ರವೇಶಿಸಿ, ವೇಗದ ದ್ರುತ ಗತ್ತು, ಮತ್ತೊಮ್ಮೆ ಝಾಲಾ, ಕೊನೆಗೆ ಮೂರು ಸಲ ಮರುಕಳಿಸಿ ಮುಗಿಸುವ ತಿಹಾಯಿ.

ಓದಿಗೆ ಬೇಕಾದುದು ಆಲಾಪ ಮತ್ತು ಜೋಡಿನ ಮೊದಲ ಭಾಗ ಮಾತ್ರ. ದ್ರುತ ಗತ್ತಿನಲ್ಲಿ ವಾದಕನೂ ತಬಲಾ ವಾದಕನೂ ಒಬ್ಬರಿಗೊಬ್ಬರು ಸವಾಲು ಹಾಕುತ್ತಿರುವಾಗ ಯಾರಾದರೂ ಪಠ್ಯಪುಸ್ತಕದ ಮೇಲೆ ಗಮನ ಇಟ್ಟಿದ್ದರೆ, ಅವರಿಗೆ ಒಂದೋ ಸಂಗೀತ ಕೇಳಿಸುತ್ತಿಲ್ಲ, ಇಲ್ಲವೇ ಅವರು ಪುಟ ತಿರುವುತ್ತಿದ್ದಾರೆಯೇ ಹೊರತು ಓದುತ್ತಿಲ್ಲ ಎಂದೇ ನಾನು ತಿಳಿಯುತ್ತೇನೆ. ಆ ಭಾಗವನ್ನು ಊಟವಾದ ಮೇಲೆ ಪ್ರತ್ಯೇಕವಾಗಿ ಕೇಳಿ.

ಹಳೆಯ ಎಲ್‌ಪಿ ತಟ್ಟೆಗಳಿಂದ ಡಿಜಿಟಲ್ ರೂಪಕ್ಕೆ ಬಂದ ಮುದ್ರಿಕೆಗಳಲ್ಲಿ ಇನ್ನೊಂದು ಅನುಕೂಲವಿದೆ. ಎಲ್‌ಪಿಯ ಒಂದು ಮಗ್ಗುಲಿಗೆ ಸುಮಾರು 20ರಿಂದ 25 ನಿಮಿಷದಷ್ಟು ಮಾತ್ರ ಹಿಡಿಯುತ್ತಿತ್ತು, ಹಾಗಾಗಿ 1960-70ರ ದಶಕದ ಎಷ್ಟೋ ರಾಗಗಳು ಆ ಅಳತೆಗೆ ತಕ್ಕಂತೆ ರೂಪುಗೊಂಡಿವೆ. ಒಂದು ಮಗ್ಗುಲು ಮುಗಿಯುವವರೆಗೆ ಓದು, ಮುಗಿದಾಗ ಐದು ನಿಮಿಷ ಎದ್ದು ಓಡಾಟ ಎಂದು ಇಟ್ಟುಕೊಂಡರೆ ಗಡಿಯಾರ ನೋಡುವ, ಫೋನ್ ಎತ್ತುವ ಚಟ ತಪ್ಪುತ್ತದೆ. ಅದಕ್ಕೂ ಹಿಂದಿನ 78 ಆರ್‌ಪಿಎಂ ತಟ್ಟೆಗಳಲ್ಲಿ ಇಡೀ ರಾಗ ಮೂರು ಮೂರೂವರೆ ನಿಮಿಷದಲ್ಲಿ ಮುಗಿಯುತ್ತಿತ್ತು; ಅವು ಸಾಂದ್ರವಾದ ರತ್ನಗಳು, ಆದರೆ ಓದಿನ ಜೊತೆಗೆ ಉಪಯೋಗವಿಲ್ಲ.

ಯಾವ ವಾದ್ಯದಿಂದ ಆರಂಭಿಸಿದರೆ ಒಳ್ಳೆಯದು?

ಕಿವಿ ಪಳಗಿಲ್ಲದವರಿಗೆ ಬಾನ್ಸುರಿ ಸುಲಭದ ದಾರಿ. ಸಣ್ಣ ಕೊಳಲನ್ನು ಬಿಟ್ಟು ಉದ್ದನೆಯ, ಮಂದ್ರ (ತಗ್ಗಿನ) ಸ್ವರದ ಬಿದಿರಿನ ಕೊಳಲನ್ನು ರಾಗಸಂಗೀತದ ವೇದಿಕೆಗೆ ತಂದವರು ಪನ್ನಾಲಾಲ್ ಘೋಷ್ (1911–1960). ಅವರ ಯಮನ್ ಮತ್ತು ಶ್ರೀ ರಾಗಗಳ ಮುದ್ರಿಕೆಗಳಲ್ಲಿ ಧ್ವನಿ ಹಳೆಯದಾದರೂ ನಾದದ ಆಳ ಈಗಲೂ ಬೆರಗು ಹುಟ್ಟಿಸುತ್ತದೆ. ಅವರ ನಂತರ ಹರಿಪ್ರಸಾದ್ ಚೌರಾಸಿಯಾ ಅವರ ಹೆಸರು ತಾನಾಗಿಯೇ ಬರುತ್ತದೆ.

ಸಂತೂರಿನ ಮಾತು ಸ್ವಲ್ಪ ಬೇರೆ. ಕಡ್ಡಿಗಳಿಂದ ತಟ್ಟಿ ನುಡಿಸುವ ಈ ಕಾಶ್ಮೀರಿ ವಾದ್ಯವನ್ನು ರಾಗಸಂಗೀತಕ್ಕೆ ಒಗ್ಗಿಸಿದ ಶಿವಕುಮಾರ ಶರ್ಮ ಅವರು 2022ರಲ್ಲಿ ತೀರಿಕೊಂಡರು. 1967ರಲ್ಲಿ ಅವರು, ಹರಿಪ್ರಸಾದ್ ಚೌರಾಸಿಯಾ ಮತ್ತು ಗಿಟಾರ್ ವಾದಕ ಬ್ರಿಜ್‌ಭೂಷಣ ಕಾಬ್ರಾ ಸೇರಿ ಹೊರತಂದ ‘ಕಾಲ್ ಆಫ್ ದ ವ್ಯಾಲಿ’ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಬೆಳಗಿನ ಅಹೀರ್ ಭೈರವದಿಂದ ರಾತ್ರಿಯವರೆಗೆ ರಾಗಗಳ ಮೂಲಕ ಚಿತ್ರಿಸುತ್ತದೆ. ವಾತಾವರಣವನ್ನೇ ಕಟ್ಟಿಕೊಡುವ ಭಾರತೀಯ ವಾದ್ಯಸಂಗೀತ ಯಾವುದು ಎಂದು ಕೇಳಿದವರಿಗೆ ಮೊದಲು ಕೊಡಬೇಕಾದ ಮುದ್ರಿಕೆ ಇದೇ. ಇದರಲ್ಲಿ ಮೂರು ವಾದ್ಯಗಳ ಬಣ್ಣ ಬೇಗ ಬೇಗ ಬದಲಾಗುವುದರಿಂದ ಓದಿಗಿಂತ ಮಾಳಿಗೆಯ ಮೇಲೆ ಮಲಗಿ ಕೇಳುವುದಕ್ಕೆ ಹೆಚ್ಚು ಸರಿ ಎನ್ನುವುದು ನನ್ನ ಅನಿಸಿಕೆ.

ಓದಿಗೆಂದೇ ಒಂದು ವಾದ್ಯ ಆರಿಸಿ ಎಂದರೆ ನಾನು ರುದ್ರವೀಣೆಯನ್ನು ಆರಿಸುತ್ತೇನೆ. ಎರಡು ದೊಡ್ಡ ಸೋರೆ ಬುರುಡೆಗಳ ನಡುವೆ ಕೊಳವೆಯಂತಹ ದಂಡಿಗೆ ಇರುವ ಈ ವಾದ್ಯದ ದನಿ ತಗ್ಗು, ಗಾಂಭೀರ್ಯ ಹೆಚ್ಚು. ಜಿಯಾ ಮೊಹಿಯುದ್ದೀನ್ ಡಾಗರ್ (1929–1990) ಧ್ರುಪದ ಎಂಬ ಹಳೆಯ ಗಾಯನ ಪದ್ಧತಿಯ ಆಲಾಪವನ್ನು ಎಷ್ಟು ನಿಧಾನವಾಗಿ ನಡೆಸುತ್ತಿದ್ದರೆಂದರೆ, ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ಜಾರುವ ಮೀಂಡ್ ಮುಗಿಯುವಷ್ಟರಲ್ಲಿ ನೀವು ಅರ್ಧ ಪುಟ ಓದಿರುತ್ತೀರಿ. ಅವರ ಯಮನ್ ಮತ್ತು ಶುದ್ಧ ತೋಡಿ ಮುದ್ರಿಕೆಗಳನ್ನು ಹುಡುಕಿ. ಸಿತಾರಿನ ಕುಟುಂಬದ್ದೇ ಆದ, ಅದಕ್ಕಿಂತ ಮಂದ್ರವಾದ ಸುರ್‌ಬಹಾರ್ ಕೂಡ ಇದೇ ಗುಣದ್ದು. ಇಮ್ರತ್ ಖಾನ್ ಅದರಲ್ಲಿ ದೊಡ್ಡ ಹೆಸರು.

ಸಾರಂಗಿಯನ್ನು ಮಾತ್ರ ಓದುವಾಗ ಹಾಕಬೇಡಿ. ರಾಮನಾರಾಯಣರ ಕೈಯಲ್ಲಿ ಅದು ಮನುಷ್ಯರ ಕಂಠಕ್ಕೆ ಎಷ್ಟು ಹತ್ತಿರ ಬರುತ್ತದೆಂದರೆ ಯಾರೋ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆಯೇ ಆಗುತ್ತದೆ.

ರಾತ್ರಿಗೆಂದೇ ರಾಗಗಳಿವೆಯಂತೆ. ಯಾವ ಹೊತ್ತಿಗೆ ಯಾವುದು?

ಹಿಂದೂಸ್ತಾನಿ ಪದ್ಧತಿಯಲ್ಲಿ ಹಗಲು ರಾತ್ರಿಗಳನ್ನು ಮೂರು ಮೂರು ಗಂಟೆಯ ಎಂಟು ಪ್ರಹರಗಳಾಗಿ ವಿಂಗಡಿಸಿ ರಾಗಗಳನ್ನು ಅವುಗಳಿಗೆ ಹಂಚಲಾಗಿದೆ. ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಯಮನ್. ಒಂಬತ್ತರ ನಂತರ ಬಿಹಾಗ್. ರಾತ್ರಿ ಇನ್ನೂ ಏರಿದಂತೆ ಬಾಗೇಶ್ರೀ. ಹನ್ನೆರಡು ದಾಟಿದ ಮೇಲೆ ದರ್ಬಾರಿ ಕಾನಡಾ ಮತ್ತು ಮಾಲಕಂಸ. ಕಡೆಯ ಜಾವದಲ್ಲಿ ಸೋಹನಿ. ಬೆಳಕು ಹರಿಯುವ ಮುನ್ನ ಲಲಿತ್. ಹೊತ್ತುಗಳ ವಿಷಯದಲ್ಲಿ ಘರಾಣೆಯಿಂದ ಘರಾಣೆಗೆ, ಅಂದರೆ ಒಂದು ಗುರುಪರಂಪರೆಯಿಂದ ಇನ್ನೊಂದಕ್ಕೆ, ಚಿಕ್ಕಪುಟ್ಟ ವ್ಯತ್ಯಾಸಗಳು ಇದ್ದೇ ಇವೆ.

ಮಾಲಕಂಸದಲ್ಲಿ ಋಷಭವೂ (ರಿ) ಪಂಚಮವೂ (ಪ) ಇಲ್ಲ. ಐದೇ ಸ್ವರಗಳ ಈ ರಾಗದಲ್ಲಿ ಗಾಂಧಾರ, ಧೈವತ, ನಿಷಾದ ಮೂರೂ ಕೋಮಲ, ಅಂದರೆ ತುಸು ತಗ್ಗಿಸಿದ ಸ್ವರಗಳು. ಪಂಚಮವಿಲ್ಲದ ಕಾರಣ ತಂಬೂರಿಯ ಮೊದಲ ತಂತಿಯನ್ನು ಮಧ್ಯಮಕ್ಕೆ ಶ್ರುತಿ ಮಾಡುತ್ತಾರೆ, ಹಾಗಾಗಿ ರಾಗ ಆರಂಭವಾಗುವ ಮುನ್ನವೇ ಕೋಣೆಯ ವಾತಾವರಣ ಬದಲಾಗಿಬಿಡುತ್ತದೆ. ನಿಖಿಲ್ ಬ್ಯಾನರ್ಜಿ (1931–1986) ಸಿತಾರಿನಲ್ಲಿ ನುಡಿಸಿದ ಮಾಲಕಂಸವನ್ನು ಒಮ್ಮೆ ದೀಪವಾರಿಸಿ ಕೇಳಿ. ಅವರ ವಾದನದಲ್ಲಿ ಆಡಂಬರವಿಲ್ಲ, ಅವಸರವಿಲ್ಲ. ಆಲಾಪವಂತೂ ಓದಿಗೂ ಒದಗುತ್ತದೆ.

ದರ್ಬಾರಿಯ ಕೋಮಲ ಗಾಂಧಾರದ ಮೇಲಿನ ಆಂದೋಲನ, ಅಂದರೆ ಸ್ವರವನ್ನು ನಿಲ್ಲಿಸದೆ ನಿಧಾನವಾಗಿ ತೂಗಿಸುವ ಕ್ರಮ, ಆ ರಾಗದ ಗುರುತು. ವಿಲಾಯತ್ ಖಾನರ ಸಿತಾರ್ ಗಾಯಕಿ ಅಂಗದ್ದು, ಎಂದರೆ ಕಂಠ ಹಾಡುವ ರೀತಿಯನ್ನು ತಂತಿಯ ಮೇಲೆ ತರುವಂಥದ್ದು. ಅವರು ಒಂದೇ ಮೆಟ್ಟಿನ ಮೇಲೆ ತಂತಿಯನ್ನು ಎಳೆದು ಹಲವು ಸ್ವರ ಹೊರಡಿಸುವಾಗ ಆ ತೂಗಾಟ ಸ್ಪಷ್ಟವಾಗಿ ಕೇಳಿಸುತ್ತದೆ. ಇದನ್ನು ಓದಿನ ಹಿನ್ನೆಲೆಗೆ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಅಲಿ ಅಕ್ಬರ್ ಖಾನ್ ತಾವೇ ರೂಪಿಸಿದ ಚಂದ್ರನಂದನ್ ರಾಗವೂ ಮಾಲಕಂಸ, ಚಂದ್ರಕಂಸದಂಥ ರಾತ್ರಿಯ ರಾಗಗಳಿಂದಲೇ ಹುಟ್ಟಿದ್ದು. ಸರೋದಿನಲ್ಲಿ ಅದನ್ನು ಅವರಿಂದಲೇ ಕೇಳಬೇಕು.

ಹೊತ್ತು ತಪ್ಪಿಸಿ ಕೇಳಿದರೆ ದೋಷವೇನಾದರೂ ಇದೆಯೇ?

ಇಲ್ಲ. ಮಧ್ಯಾಹ್ನ ಮಾಲಕಂಸ ಕೇಳಿದರೆ ಯಾವ ಅನಾಹುತವೂ ಆಗುವುದಿಲ್ಲ. ಆದರೆ ಒಂದೇ ರಾಗವನ್ನು ಒಂದೇ ಹೊತ್ತಿನಲ್ಲಿ ಕೆಲವು ದಿನ ಕೇಳಿದರೆ ಆ ಹೊತ್ತಿಗೂ ರಾಗಕ್ಕೂ ನಂಟು ಬೆಳೆದು, ಮುದ್ರಿಕೆ ಆರಂಭವಾದ ಕೂಡಲೇ ಮನಸ್ಸು ತಾನಾಗಿ ಓದಿಗೆ ಕೂರುತ್ತದೆ. ಪ್ರಹರದ ಪದ್ಧತಿಯ ಲಾಭವನ್ನು ವಿದ್ಯಾರ್ಥಿಗಳು ಹೀಗೆ ಪಡೆಯಬಹುದು.

ಕರ್ನಾಟಕ ಸಂಗೀತದ ವಾದ್ಯಗಳು ಓದಿಗೆ ಆಗುವುದಿಲ್ಲವೇ?

ಆಗುತ್ತವೆ, ಆದರೆ ಆಯ್ದುಕೊಳ್ಳಬೇಕು. ಅಲ್ಲಿ ವಾದ್ಯಗಳು ನುಡಿಸುವುದು ಬಹುಪಾಲು ಕೃತಿಗಳನ್ನೇ, ಅಂದರೆ ಸಾಹಿತ್ಯವಿರುವ ರಚನೆಗಳನ್ನೇ. ಕೃತಿ ಗೊತ್ತಿರುವವರಿಗೆ ಸಾಹಿತ್ಯ ಮನಸ್ಸಿನಲ್ಲಿ ಓಡುತ್ತದೆ, ಮೃದಂಗವೂ ಬೇಗನೆ ಸೇರಿಕೊಳ್ಳುತ್ತದೆ. ವೀಣೆಯ ರಾಗಾಲಾಪನೆ ಮತ್ತು ತಾನದ ಭಾಗಗಳು ಮಾತ್ರ ಓದಿಗೆ ಬಹಳ ಚೆನ್ನಾಗಿ ಹೊಂದುತ್ತವೆ. ಮೈಸೂರಿನ ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರ ವೀಣೆಯಲ್ಲಿ ಮೀಟು ಮೃದು, ಸ್ವರಗಳ ನಡುವೆ ಬಿಡುವು ಹೆಚ್ಚು. ಟಿ.ಆರ್. ಮಹಾಲಿಂಗಂ ಅವರ ಕೊಳಲು, ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್, ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೊಫೋನ್ ಇವೆಲ್ಲ ಕೂತು ಕೇಳಬೇಕಾದ ಸಂಗೀತದ ಪಾಲಿಗೆ ಸೇರಿದವು.

ನಮ್ಮ ನಾಡಿನ, ಅದರಲ್ಲೂ ನಮ್ಮ ಕಡೆಯ ವಾದ್ಯಗಾರರು ಯಾರಿದ್ದಾರೆ?

ಸರೋದ್ ವಾದಕ ರಾಜೀವ ತಾರಾನಾಥರ (1932–2024) ಹೆಸರು ಮೊದಲು ಹೇಳಬೇಕು. ಅವರ ತಂದೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದವರು, ಆದ್ದರಿಂದ ಕಲ್ಯಾಣ ಕರ್ನಾಟಕದ ನಾವು ಅವರನ್ನು ನಮ್ಮವರೆಂದು ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿಯೂ ಇದ್ದ ಅವರು ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದ್ ಕಲಿತು, 2019ರಲ್ಲಿ ಪದ್ಮಶ್ರೀ ಪಡೆದರು. ಅವರ ಆಲಾಪದಲ್ಲಿ ಒಂದು ವಿಚಾರವನ್ನು ಪೂರ್ತಿ ಹೇಳಿ ಮುಗಿಸಿಯೇ ಮುಂದಿನದಕ್ಕೆ ಹೋಗುವ ಮೇಷ್ಟರ ಶಿಸ್ತು ಕಾಣುತ್ತದೆ.

ಧಾರವಾಡದ ಸಿತಾರ್ ಮನೆತನ ಇನ್ನೊಂದು ದೊಡ್ಡ ಪರಂಪರೆ. ಬೀನ್‌ಕಾರ (ರುದ್ರವೀಣೆಯ ವಾದಕ) ಬಂದೇ ಅಲಿ ಖಾನರ ಶಿಷ್ಯರಾದ ಸಿತಾರರತ್ನ ರಹಿಮತ್ ಖಾನರಿಂದ ಆರಂಭವಾದ ಈ ಮನೆತನದಲ್ಲಿ ಅವರ ಮೊಮ್ಮಗ ಬಾಲೇಖಾನರು ನಮ್ಮ ಕಾಲದವರೆಗೂ ನುಡಿಸಿದರು, ಈಗ ಮುಂದಿನ ತಲೆಮಾರು ನುಡಿಸುತ್ತಿದೆ. ಅದೇ ಊರಿನ ಗೋಡ್ಖಿಂಡಿ ಮನೆತನದ ಪ್ರವೀಣ ಗೋಡ್ಖಿಂಡಿ ಅವರ ಬಾನ್ಸುರಿ ಸುಲಭವಾಗಿ ಸಿಗುತ್ತದೆ.

ಇನ್ನು ನಮ್ಮ ಮದುವೆಗಳ ಸನಾದಿ. ಅದನ್ನು ಮಂಗಳವಾದ್ಯವೆಂದು ಬಾಗಿಲಲ್ಲೇ ನಿಲ್ಲಿಸಿಬಿಟ್ಟಿದ್ದೇವೆ, ಆದರೆ ರಾತ್ರಿಯ ಕೇಳ್ಮೆಗೆ ಅದಕ್ಕಿಂತ ಮರುಕದ ವಾದ್ಯ ಕಡಿಮೆ. ಬಿಸ್ಮಿಲ್ಲಾ ಖಾನ್ (1916–2006) ಅವರ ಶಹನಾಯಿ ಕನ್ನಡಿಗರಿಗೆ ಹೊಸದೇನಲ್ಲ. 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ನುಡಿಸಿದವರು ಅವರೇ. ಓದಿನ ಹೊತ್ತಿಗೆ ಈ ವಾದ್ಯ ಬೇಡ, ಅದರ ದನಿ ತೀಕ್ಷ್ಣ.

ಆಂಬಿಯೆಂಟ್ ಎಂದು ಕರೆಯುವ ಸಂಗೀತ ಯಾವುದು? ಅದರಲ್ಲಿ ಹಾಡೂ ಇಲ್ಲ, ರಾಗವೂ ಇಲ್ಲವಲ್ಲ?

ಕೋಣೆಯ ಬೆಳಕಿನಂತೆ ಇರಬೇಕು, ಕೇಳಿದರೆ ಕೇಳಿಸಬೇಕು, ಕೇಳದಿದ್ದರೆ ತೊಂದರೆ ಕೊಡಬಾರದು ಎಂಬ ಉದ್ದೇಶದಿಂದಲೇ ಕಟ್ಟಿದ ಸಂಗೀತ ಇದು. ಇಂಗ್ಲೆಂಡಿನ ಬ್ರಯಾನ್ ಈನೊ 1970ರ ದಶಕದಲ್ಲಿ ಇದಕ್ಕೆ ಹೆಸರು ಕೊಟ್ಟರು. 1975ರಲ್ಲಿ ಅಪಘಾತಕ್ಕೊಳಗಾಗಿ ಹಾಸಿಗೆ ಹಿಡಿದಿದ್ದ ಅವರು ಹಾರ್ಪ್ ಸಂಗೀತದ ತಟ್ಟೆಯೊಂದನ್ನು ಹಾಕಿಕೊಂಡು ಮಲಗಿದ ಮೇಲೆ ಧ್ವನಿ ತೀರಾ ಕಡಿಮೆಯಿರುವುದು ಗೊತ್ತಾಯಿತು. ಎದ್ದು ಹೆಚ್ಚಿಸುವ ತ್ರಾಣವಿಲ್ಲದೆ, ಹೊರಗಿನ ಮಳೆಯ ಸದ್ದಿನೊಂದಿಗೆ ಬೆರೆತ ಆ ಸಂಗೀತವನ್ನು ಹಾಗೆಯೇ ಕೇಳಿದಾಗ ಅವರಿಗೆ ಈ ದಾರಿ ಹೊಳೆಯಿತು. 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಈ ಬಗೆಯ ಮೊದಲ ದೊಡ್ಡ ಕೃತಿ. ಬೇರೆ ಬೇರೆ ಉದ್ದದ ಟೇಪಿನ ಉಂಗುರಗಳು ಒಂದೇ ಸಮನೆ ಸುತ್ತುತ್ತಾ, ಅವುಗಳ ಮೇಲಿನ ಸ್ವರಗಳು ಪ್ರತಿಸಲವೂ ಬೇರೆ ಬೇರೆ ರೀತಿಯಲ್ಲಿ ಕೂಡಿಕೊಳ್ಳುವಂತೆ ಅದರ ಭಾಗಗಳನ್ನು ರಚಿಸಲಾಗಿದೆ.

ಇದಕ್ಕೂ ಹಿಂದೆ, 1917ರಲ್ಲಿ, ಫ್ರಾನ್ಸಿನ ಎರಿಕ್ ಸಾಟಿ ಪೀಠೋಪಕರಣದ ಹಾಗೆ ಸುಮ್ಮನೆ ಇರಬೇಕಾದ ಸಂಗೀತದ ಕಲ್ಪನೆ ಮಾಡಿದ್ದರು. 1920ರಲ್ಲಿ ಅದನ್ನು ನುಡಿಸಿದಾಗ ಜನರು ಮಾತಾಡುವುದನ್ನು ನಿಲ್ಲಿಸಿ ಕೇಳತೊಡಗಿದರಂತೆ. ಕೇಳಬೇಡಿ, ಮಾತಾಡಿ ಎಂದು ಅವರೇ ಓಡಾಡಿ ಒತ್ತಾಯಿಸಬೇಕಾಯಿತು. ಸಾಟಿಯವರ 1888ರ ‘ಜಿಮ್ನೊಪೆಡಿ’ ಎಂಬ ಮೂರು ಪುಟ್ಟ ಪಿಯಾನೊ ರಚನೆಗಳು ನಡುರಾತ್ರಿಗೆ ಈಗಲೂ ಸೊಗಸು. ಜಪಾನಿನ ಹಿರೋಶಿ ಯೋಶಿಮುರಾ ಅವರ 1982ರ ‘ಮ್ಯೂಸಿಕ್ ಫಾರ್ ನೈನ್ ಪೋಸ್ಟ್ ಕಾರ್ಡ್ಸ್’, ಅಮೆರಿಕದ ಸ್ಟೀವ್ ರೋಚ್ ಅವರ 1984ರ ‘ಸ್ಟ್ರಕ್ಚರ್ಸ್ ಫ್ರಮ್ ಸೈಲೆನ್ಸ್’ ಇವೆರಡೂ ಓದಿಗೆ ಒಗ್ಗುತ್ತವೆ. ಆಲಾಪಕ್ಕೆ ಒಗ್ಗಿದ ನಮ್ಮ ಕಿವಿಗೆ ಈ ಸಂಗೀತ ಕೆಲವೊಮ್ಮೆ ಎಲ್ಲಿಗೂ ಹೋಗದೆ ನಿಂತಂತೆ ಅನಿಸಬಹುದು. ಓದುವವರ ಮಟ್ಟಿಗೆ ಅದೇ ಅದರ ಗುಣ: ಮುಂದೇನಾಗುವುದೋ ಎಂಬ ಕುತೂಹಲ ಹುಟ್ಟದಿದ್ದರೆ ಗಮನ ಪುಸ್ತಕದಲ್ಲೇ ಉಳಿಯುತ್ತದೆ.

ಲೋ-ಫೈ ಬಗ್ಗೆ ಏನು ಹೇಳುತ್ತೀರಿ?

ಮೃದುವಾದ ಡ್ರಮ್, ಎರಡು ಮೂರು ಪಿಯಾನೊ ಸ್ವರಗುಚ್ಛ, ಹಳೆಯ ತಟ್ಟೆಯ ಚಟಚಟ ಸದ್ದು ಇಷ್ಟರಲ್ಲೇ ಅದು ಮುಗಿಯುತ್ತದೆ. ಕೆಲಸಕ್ಕೆ ಬರುತ್ತದೆ, ಕೆಡುಕಿಲ್ಲ. ಈ ಬಗೆಯ ಮೂಲದಲ್ಲಿರುವ ಜಪಾನಿನ ನುಜಾಬೆಸ್ (1974–2010) ಅವರನ್ನು ಕೇಳಿದರೆ ಉಳಿದ ನೂರಾರು ನಕಲುಗಳು ಸಪ್ಪೆ ಎನಿಸುತ್ತವೆ. ಹಳೆಯ ಕನ್ನಡ ಚಿತ್ರಗೀತೆಗಳನ್ನು ನಿಧಾನಗೊಳಿಸಿ, ಪ್ರತಿಧ್ವನಿ ಸೇರಿಸಿ ಲೋ-ಫೈ ಎಂದು ಹೆಸರಿಟ್ಟವುಗಳಲ್ಲಿ ಸಾಹಿತ್ಯ ಹಾಗೆಯೇ ಇರುತ್ತದೆ, ಅವುಗಳಿಂದ ಓದಿಗೆ ಉಪಕಾರವಿಲ್ಲ.

ಮೊಜಾರ್ಟ್ ಕೇಳಿದರೆ ಬುದ್ಧಿ ಚುರುಕಾಗುತ್ತದೆ, 432 ಹರ್ಟ್ಸ್ ಸಂಗೀತ ಏಕಾಗ್ರತೆ ಕೊಡುತ್ತದೆ ಎನ್ನುತ್ತಾರೆ. ಮಗಳಿಗೆ ಅದನ್ನೇ ಹಾಕಿಕೊಡಲೇ?

ಮೊಜಾರ್ಟ್ ವಿಷಯದ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪುಟ್ಟದೊಂದು ವರದಿ. ಅದರಲ್ಲಿದ್ದವರು 36 ಜನ ಕಾಲೇಜು ವಿದ್ಯಾರ್ಥಿಗಳು. ಅಳೆದದ್ದು ಕಾಗದ ಮಡಿಸಿ ಕತ್ತರಿಸುವುದನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವಂಥ ಒಂದು ಬಗೆಯ ಸಾಮರ್ಥ್ಯವನ್ನು. ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಮಕ್ಕಳ ಬುದ್ಧಿಮತ್ತೆ ಹೆಚ್ಚುತ್ತದೆ ಎಂದು ಅದು ಹೇಳಿಯೇ ಇರಲಿಲ್ಲ. ಇಷ್ಟವಾದದ್ದನ್ನು ಕೇಳಿದಾಗ ಮನಸ್ಸು ಉಲ್ಲಾಸಗೊಂಡು ಸ್ವಲ್ಪ ಹೊತ್ತು ಚುರುಕಾಗುತ್ತದೆ ಎಂಬ ಸರಳ ವಿವರಣೆಯೇ ನಂತರದ ಅಧ್ಯಯನಗಳಲ್ಲಿ ನಿಂತಿತು.

432 ಹರ್ಟ್ಸ್ ಎಂಬುದು ಪಾಶ್ಚಾತ್ಯ ವಾದ್ಯಗಳ ‘ಎ’ ಸ್ವರವನ್ನು ರೂಢಿಯ 440ರ ಬದಲು ಸ್ವಲ್ಪ ತಗ್ಗಿಸಿ ಶ್ರುತಿ ಮಾಡುವುದು, ಅಷ್ಟೇ. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ನಿಗದಿಯಾದ ಕಂಪನಸಂಖ್ಯೆಯೇ ಇಲ್ಲ. ಗಾಯಕರ ಕಂಠಕ್ಕೆ, ವಾದ್ಯದ ಗಾತ್ರಕ್ಕೆ ತಕ್ಕಂತೆ ಅದು ಮೇಲೆ ಕೆಳಗೆ ಆಗುತ್ತದೆ. ಯಾವುದೋ ಒಂದು ಸಂಖ್ಯೆಗೆ ಮಾಂತ್ರಿಕ ಶಕ್ತಿ ಇದ್ದಿದ್ದರೆ ನಮ್ಮ ಹಿರಿಯ ಕಲಾವಿದರು ಬೇರೆ ಬೇರೆ ಶ್ರುತಿಯಲ್ಲಿ ಹಾಡಿ ನುಡಿಸಿ ಅದೇ ಪರಿಣಾಮ ಹುಟ್ಟಿಸಿದ್ದು ಹೇಗೆ? ಎರಡು ಕಿವಿಗೆ ಎರಡು ಕಂಪನ ಕೊಡುವ ಬೈನಾರಲ್ ಬೀಟ್‌ಗಳ ಅಧ್ಯಯನಗಳೂ ಒಂದೊಂದು ಒಂದೊಂದು ರೀತಿ ಹೇಳುತ್ತವೆ. ಅವುಗಳಿಗಾಗಿ ದುಡ್ಡು ಕಟ್ಟಬೇಡಿ. ಮಗಳಿಗೆ ಏನು ಬೇಕೆಂದು ಮಗಳನ್ನೇ ಕೇಳಿ. ಆಕೆ ಏನೂ ಬೇಡವೆಂದರೆ ಮನೆಯ ಟಿವಿ ಆರಿಸುವುದೇ ಎಲ್ಲಕ್ಕಿಂತ ದೊಡ್ಡ ಸಹಾಯ.

ಬೇಸಿಗೆಯಲ್ಲಿ ಕೂಲರ್ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಏನು ಮಾಡುವುದು?

ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಕೂಲರ್ ಆರಿಸಿ ಸಂಗೀತ ಕೇಳಿ ಎಂದು ಯಾರೂ ಹೇಳಲಾರರು. ಆದರೆ ಕೂಲರಿನ ಸದ್ದು ಕೂಡ ಒಂದೇ ಸಮನಾದ ಸದ್ದೇ. ಜನರು ಅಂತರಜಾಲದಲ್ಲಿ ಹುಡುಕಿ ಹಾಕಿಕೊಳ್ಳುವ ಮಳೆಯ, ಫ್ಯಾನಿನ ಸದ್ದುಗಳು ಮಾಡುವ ಕೆಲಸವನ್ನೇ ಅದು ಪುಕ್ಕಟೆಯಾಗಿ ಮಾಡಿ ಹೊರಗಿನ ಮಾತುಗಳನ್ನು ಮುಚ್ಚಿಹಾಕುತ್ತದೆ. ಕೂಲರ್ ಓಡುತ್ತಿರುವಾಗ ಓದಿಗೆ ಬೇರೆ ಸಂಗೀತದ ಅಗತ್ಯವೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ಆಗಲೂ ಬೇಕೆಂದರೆ ಕೂಲರಿನ ಸದ್ದಿನಲ್ಲಿ ಮುಳುಗದ ವಾದ್ಯ ಆರಿಸಿ. ರುದ್ರವೀಣೆ, ಸುರ್‌ಬಹಾರ್‌ಗಳ ಮಂದ್ರ ಸ್ವರ ಆ ಗದ್ದಲದಲ್ಲಿ ಕರಗಿಹೋಗುತ್ತದೆ. ಸಂತೂರ್, ಕೊಳಲು ಎದ್ದು ಕೇಳಿಸುತ್ತವೆ. ಧ್ವನಿ ಹೆಚ್ಚಿಸುತ್ತಾ ಹೋಗುವುದು ಮಾತ್ರ ಬೇಡ. ಕರೆಂಟು ಹೋಗಿ ಕೂಲರ್ ನಿಂತಾಗ ನಿಮ್ಮ ಕಿವಿಯೊಳಗೆ ಎಷ್ಟು ಸದ್ದು ಸುರಿಯುತ್ತಿತ್ತೆಂಬುದು ತಿಳಿಯುತ್ತದೆ.

ಇಯರ್‌ಫೋನ್‌ನಲ್ಲಿ ಎಷ್ಟು ಹೊತ್ತು ಕೇಳಬಹುದು?

ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮಕ್ಕಳಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ, ಎಂದರೆ 83ಕ್ಕೆ 20 ಗಂಟೆ, 90ರ ಹೊತ್ತಿಗೆ ವಾರಕ್ಕೆ ನಾಲ್ಕೇ ಗಂಟೆ. ಓದಿನ ಹಿನ್ನೆಲೆಗೆ ಇದರ ಹತ್ತಿರಕ್ಕೂ ಹೋಗುವ ಕಾರಣವಿಲ್ಲ. ಪಕ್ಕದವರು ಹೆಸರು ಹಿಡಿದು ಕರೆದರೆ ಕೇಳಿಸುವಷ್ಟಿದ್ದರೆ ಸಾಕು.

ಸ್ಪೀಕರಿನಲ್ಲಿ ಕೇಳುವವರು ರಾತ್ರಿ ಹತ್ತರ ಮೇಲೆ ನೆರೆಯವರ ಗೋಡೆಯನ್ನು ನೆನಪಿನಲ್ಲಿಡಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಮಾಲಕಂಸವಾದರೂ ಸರಿ, ಪಕ್ಕದ ಮನೆಯವರಿಗೆ ಅದು ಗದ್ದಲವೇ.

ನಿದ್ದೆ ಬರಲೆಂದು ಸಂಗೀತ ಹಾಕಿಕೊಂಡು ಮಲಗಬಹುದೇ?

ಮಲಗಬಹುದು, ಆದರೆ ಫೋನಿನಲ್ಲಿ ಅರ್ಧ ಗಂಟೆಗೆ ತಾನೇ ನಿಲ್ಲುವಂತೆ ಟೈಮರ್ ಇಟ್ಟು, ಇಯರ್‌ಫೋನ್ ತೆಗೆದಿಟ್ಟು ಮಲಗಿ. ಆಲಾಪ ಮುಗಿದು ಝಾಲಾ ಆರಂಭವಾದರೆ ಹತ್ತಿದ ನಿದ್ದೆಯೂ ಹಾರಿಹೋಗುತ್ತದೆ. ಮ್ಯಾಕ್ಸ್ ರಿಕ್ಟರ್ 2015ರಲ್ಲಿ ರಾತ್ರಿಯಿಡೀ ಮಲಗಿ ಕೇಳಲೆಂದೇ ಸುಮಾರು ಎಂಟೂವರೆ ಗಂಟೆಯ ‘ಸ್ಲೀಪ್’ ಎಂಬ ರಚನೆ ಹೊರತಂದರು. ಅದರ ಮೊದಲ ಒಂದು ಗಂಟೆ ಸಾಮಾನ್ಯವಾಗಿ ಎಲ್ಲರಿಗೂ ಸಾಕಾಗುತ್ತದೆ. ನಮ್ಮ ದಕ್ಷಿಣದ ನೀಲಾಂಬರಿ ರಾಗವನ್ನು ಜೋಗುಳಕ್ಕೆ ಬಳಸುವ ರೂಢಿ ಹಳೆಯದು, ವೀಣೆಯಲ್ಲಿ ಸಿಕ್ಕರೆ ಅದನ್ನೂ ಪ್ರಯತ್ನಿಸಿ.

ನಡುವೆ ಜಾಹೀರಾತು ಬಂದು ಎಲ್ಲ ಕೆಡುತ್ತದೆ. ಡೇಟಾ ಕೂಡ ಖಾಲಿಯಾಗುತ್ತದೆ. ಬೇರೆ ದಾರಿ ಇದೆಯೇ?

ಆಕಾಶವಾಣಿಯ ‘ರಾಗಂ’ ವಾಹಿನಿ 2016ರ ಜನವರಿ 26ರಂದು ಆರಂಭವಾಯಿತು. ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ಇದು ಆಕಾಶವಾಣಿಯ ಆ್ಯಪ್‌ನಲ್ಲಿ ಹಗಲು ರಾತ್ರಿ ಸಿಗುತ್ತದೆ. ಗಾಯನ, ವಾದನ, ಹಿಂದೂಸ್ತಾನಿ, ಕರ್ನಾಟಕ ಎಲ್ಲವೂ ಬೆರೆತಿರುವುದರಿಂದ ಓದಿಗಿಂತ ತಡರಾತ್ರಿಯ ಕೇಳ್ಮೆಗೆ ಅದು ತಕ್ಕದ್ದು. ಯಾವ ಕಲಾವಿದರು ಸಿಗುವರೋ ಎಂಬ ಬೆರಗೂ ಜೊತೆಗಿರುತ್ತದೆ.

ಡೇಟಾದ ಲೆಕ್ಕ ಸುಲಭ. 128 ಕೆಬಿಪಿಎಸ್ ಗುಣಮಟ್ಟದ ಧ್ವನಿಗೆ ಗಂಟೆಗೆ ಸುಮಾರು 58 ಎಂಬಿ, 320ಕ್ಕೆ 144 ಎಂಬಿ ಖರ್ಚಾಗುತ್ತದೆ. ವಿಡಿಯೊ ರೂಪದಲ್ಲಿ ಅದೇ ಸಂಗೀತ ಕೇಳಿದರೆ ಇದರ ಹಲವು ಪಟ್ಟು ಹೋಗುತ್ತದೆ, ಕಣ್ಣೂ ಪರದೆಯ ಕಡೆಗೆ ಎಳೆಯುತ್ತದೆ. ಓದಿಗೆ ಬೇಕಾದ ನಾಲ್ಕಾರು ಆಲಾಪಗಳನ್ನು ಫೋನಿಗೆ ಇಳಿಸಿಕೊಂಡು, ಇಂಟರ್ನೆಟ್ ಆರಿಸಿ ಕೇಳುವುದು ಉತ್ತಮ. ಜಾಹೀರಾತೂ ಬರುವುದಿಲ್ಲ, ವಾಟ್ಸ್ಆ್ಯಪ್ ಸಂದೇಶವೂ ಬರುವುದಿಲ್ಲ.

ಪ್ರತಿದಿನ ಹೊಸದನ್ನು ಹುಡುಕಬೇಕೇ?

ಓದಿಗಾದರೆ ಬೇಡವೇ ಬೇಡ. ಹೊಸ ಸಂಗೀತ ಗಮನ ಸೆಳೆಯುತ್ತದೆ, ಪರಿಚಿತವಾದದ್ದು ಹಿಂದೆ ಸರಿದು ನಿಲ್ಲುತ್ತದೆ. ಒಂದು ಪರೀಕ್ಷೆಯ ತಯಾರಿಗೆ ಮೂರು ನಾಲ್ಕು ಮುದ್ರಿಕೆಗಳು ಧಾರಾಳ. ಹೊಸ ಕಲಾವಿದರ, ಹೊಸ ರಾಗಗಳ ಹುಡುಕಾಟವನ್ನು ಶನಿವಾರ ರಾತ್ರಿಗೆ ಇಟ್ಟುಕೊಳ್ಳಿ, ಆಗ ಪುಸ್ತಕ ಬೇರೆ ಕೋಣೆಯಲ್ಲಿರಲಿ.

ಕಲಬುರಗಿಯಲ್ಲಿ ಇದನ್ನೆಲ್ಲ ನೇರವಾಗಿ ಕೇಳುವ ಅವಕಾಶ ಇದೆಯೇ?

ಮಹಾನಗರಗಳಷ್ಟು ಇಲ್ಲ, ಆದರೆ ಇದೆ. ಡಾ. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಡೆಯುವ ಸಂಗೀತ ಕಾರ್ಯಕ್ರಮಗಳ ಸುದ್ದಿ ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಸಂಗೀತಗಾರರು ನಮ್ಮ ಭಾಗದ ಊರೂರುಗಳಲ್ಲಿದ್ದಾರೆ. ಹತ್ತಾರು ವಾದ್ಯಗಳನ್ನು ಬಲ್ಲ ಪುಟ್ಟರಾಜ ಗವಾಯಿಗಳ (1914–2010) ಪರಂಪರೆ ಅದು. ಮಠಗಳ ಜಾತ್ರೆ, ಪುರಾಣಗಳ ಸಂದರ್ಭದಲ್ಲಿ ರಾತ್ರಿ ಹೊತ್ತಾದ ಮೇಲೆ ಮಂದಿ ಕರಗಿದಾಗ ಇವರ ವಾದನಕ್ಕೆ ಕಳೆ ಬರುತ್ತದೆ. ಮುದ್ರಿಕೆಯಲ್ಲಿ ಸಿತಾರಿನ ತರಬ್ ತಂತಿಗಳ, ಅಂದರೆ ಮೀಟದೆಯೇ ತಾವಾಗಿ ಮಿಡಿಯುವ ತಂತಿಗಳ, ಅನುರಣನ ಅರ್ಧವೂ ಕೇಳಿಸುವುದಿಲ್ಲ, ಆದ್ದರಿಂದ ಪರೀಕ್ಷೆಯ ಹಿಂದಿನ ದಿನವಲ್ಲದಿದ್ದರೆ ಹೋಗಿ ಮುಂದಿನ ಸಾಲಿನಲ್ಲೇ ಕೂತು ಕೇಳಿ.